ಮಿತ್ವಲ್ಲಿಯ ನೀಲಿ ಕಿರಣ

ಕಫ್ರ್ ಸಾಕ್ಯಾ ಹಳ್ಳಿಯ ನೀರುಗಂಟಿ ಮಿತ್ವಲ್ಲಿಗೆ ಕೋಪ ಬರುವುದು ಹೊಸದೇನಲ್ಲ. ಕಾಲುವೆಯ ನೀರಿಗೆ ಸರದಿ ಇದ್ದ ಹಾಗೆ ಅವನ ಕೋಪಕ್ಕೂ ಒಂದು ಸರದಿ ಇತ್ತು. ಬೆಳಿಗ್ಗೆ ಕತ್ತೆಯ ಮೇಲೆ, ಮಧ್ಯಾಹ್ನ ಹೆಂಡತಿ ನಗಾತಳ ಮೇಲೆ, ಸಂಜೆ ಸರ್ಕಾರದ ಮೇಲೆ. ಕತ್ತೆ ಕಿವಿ ಅಲ್ಲಾಡಿಸಿ, ನಗಾತ್ ಟೀ ಕುದಿಸಿ, ಸರ್ಕಾರ ಏನೂ ಮಾಡದೆ, ಮೂವರೂ ಅದನ್ನು ನಿಭಾಯಿಸಿಕೊಂಡು ಬಂದಿದ್ದರು. ಆ ಕೋಪದಲ್ಲಿ ಒಂದೇ ದೋಷವಿತ್ತು. ಉಕ್ಕಿದಾಗ ಮಾತುಗಳು ಸಾಲು ತಪ್ಪುತ್ತಿದ್ದವು. ಒಬ್ಬನನ್ನು ಬೈಯಲು ಹೊರಟು, ನಡುವೆ ಇನ್ನೊಬ್ಬನ ಹೆಸರು ಹಿಡಿದು, ಕೊನೆಗೆ ಯಾಕೆ ಬೈಯತೊಡಗಿದೆ ಎಂಬುದೇ ಮರೆತು, ಮರೆತದ್ದಕ್ಕಾಗಿ ಮತ್ತೊಮ್ಮೆ ಕೋಪಗೊಳ್ಳುತ್ತಿದ್ದ.

ಆದರೆ ಆ ವರ್ಷದ ಕೋಪಕ್ಕೆ ತಕ್ಕ ಕಾರಣವಿತ್ತು. ಒಬ್ಬಳೇ ಮಗಳು ಇನ್ಶಿರಾಳ ಮದುವೆಯನ್ನು ಅವನು ನೋಡಿರಲಿಲ್ಲ.

ಮಧ್ಯಾಹ್ನ ಮಸೀದಿಯಲ್ಲಿ ಕೂತು ಅಳಿಯನ ಕೈ ಹಿಡಿದು ನಿಕಾಹ್ ಮಾಡಿಕೊಟ್ಟದ್ದು ನಿಜ. ಆದರೆ ಅದಕ್ಕೆ ಯಾರೂ ಮದುವೆ ಎನ್ನುವುದಿಲ್ಲ. ಬೀದಿಗೆ ಅಡ್ಡವಾಗಿ ಬಣ್ಣದ ಬಟ್ಟೆಯ ಚಪ್ಪರ ಕಟ್ಟಿ, ಮಗಳನ್ನು ಎತ್ತರದ ಕುರ್ಚಿಯಲ್ಲಿ ಕೂರಿಸಿ, ಊರಿಗೆ ಊರೇ ಅವಳೆದುರು ಕುಣಿದರೆ ಅದು ಮದುವೆ. ಡೋಲು ಇನ್ನೂ ಕಾಯುತ್ತಿದ್ದಾಗಲೇ ನೀರಾವರಿ ಇಂಜಿನಿಯರ್ ಸಫ್ವತ್ ಸಾಹೇಬರಿಂದ ಹೇಳಿಕೆ ಬಂದಿತ್ತು. ಸರದಿಯ ನೀರು ಒಂದು ದಿನ ಮೊದಲೇ ಬಿಟ್ಟಿದ್ದಾರೆ, ದೊಡ್ಡ ಗೇಟಿನ ಹತ್ತಿರ ನಿಲ್ಲು, ಅಲ್ಲಿಂದ ಕದಲಿದರೆ ಕೆಲಸ ಹೋಯಿತು ಅಂದುಕೋ. ಮಿತ್ವಲ್ಲಿ ಹೊಸ ಜುಬ್ಬಾದಲ್ಲೇ ಕತ್ತೆ ಹತ್ತಿ ಎರಡು ಮೈಲಿ ದೂರದ ಗೇಟಿಗೆ ಹೋದ. ಅಲ್ಲಿಂದ ಒಂದು ಸಲ ಫೋನು ಮಾಡಿ, ಅರ್ಧ ಗಂಟೆ ಹೋಗಿ ಮಗಳ ಮುಖ ನೋಡಿ ಬರಲೇ ಎಂದು ಬೇಡಿಕೊಂಡ.

"ನಾನೂ ಇಲ್ಲಿ ಕಚೇರೀಲೇ ಕೂತಿದ್ದೀನಿ ಮಿತ್ವಲ್ಲಿ, ಊಟ ಕೂಡ ಮಾಡಿಲ್ಲ" ಅಂದರು ಸಾಹೇಬರು.

ಫೋನಿನಲ್ಲಿ ಡೋಲಿನ ಸದ್ದು ಕೇಳುತ್ತಿತ್ತು. ಅದೇನು ಎಂದು ಕೇಳಿದ್ದಕ್ಕೆ, ಕಚೇರಿಯ ಪಕ್ಕದಲ್ಲಿ ಯಾರದೋ ಮದುವೆ, ತಲೆ ಸಿಡಿದುಹೋಗುತ್ತಿದೆ ಎಂದರು. ಗಾಳಿ ಈ ಕಡೆ ಬೀಸಿದಾಗ ತನ್ನ ಮಗಳ ಮದುವೆಯ ಡೋಲೂ ಅದೇ ತಾಳದಲ್ಲಿ ತೇಲಿ ಬಂತು. ಈಗಿನ ಕಾಲದಲ್ಲಿ ಎಲ್ಲ ಮದುವೆಗೂ ಒಂದೇ ಹಾಡು ಎಂದು ಮಿತ್ವಲ್ಲಿ ಬೇಸರಪಟ್ಟುಕೊಂಡ. ಮಾರನೆಯ ದಿನ, ಪಾಪ, ಹೊಟ್ಟೆಗಿಲ್ಲದೆ ಕೂತಿದ್ದರಲ್ಲ ಎಂದು, ಒಂದು ಜೋಡಿ ಪಾರಿವಾಳಕ್ಕೆ ಹಸಿ ಗೋಧಿ ನುಚ್ಚು ತುಂಬಿಸಿ ಬೇಯಿಸಿ, ತಾನೇ ಹೊತ್ತು ಸಾಹೇಬರ ಮನೆಗೆ ಕೊಟ್ಟು ಬಂದ. ಇಡೀ ಇಲಾಖೆಯಲ್ಲಿ ಅವನ ಕೋಪ ತಟ್ಟದೆ ಉಳಿದ ಮನುಷ್ಯ ಸಫ್ವತ್ ಸಾಹೇಬರು ಒಬ್ಬರೇ.

ಮಗಳು ಗಂಡನ ಜೊತೆ ದೂರದ ಹುರ್ಗಾದಾ ಪಟ್ಟಣಕ್ಕೆ ಹೋದಳು. ಪ್ರತಿ ಶುಕ್ರವಾರ ನಮಾಜಿನ ನಂತರ ಫೋನು ಮಾಡುತ್ತಿದ್ದಳು. ಮೊದಲ ಮಾತು ಒಂದೇ.

"ನೋಡಿದ್ಯೇನಪ್ಪಾ?"

ಮದುವೆಯ ವಿಡಿಯೊ ಪಟವನ್ನು ನೋಡಿದೆಯಾ ಎಂದು. ಅದರಲ್ಲಿ ನಿನಗಾಗಿ ಒಂದು ಮಾತಿದೆ, ನೀನೇ ನೋಡಬೇಕು, ನಾನು ಹೇಳುವುದಿಲ್ಲ ಎನ್ನುತ್ತಿದ್ದಳು. ನೋಡುವುದು ಹೇಗೆ? ಫೋಟೊಗ್ರಾಫರ್ ಹಮಾದಾ ಹೊಸ ಕ್ಯಾಮರಾ ಕೊಂಡ ಗರ್ವದಲ್ಲಿ ಪಟವನ್ನು ಬ್ಲೂ-ರೇ ಎಂಬ ಹೊಸ ಬಗೆಯ ಡಿಸ್ಕಿನಲ್ಲಿ ತುಂಬಿಸಿ ಕೊಟ್ಟಿದ್ದ. ಮನೆಯ ಹಳೇ ಯಂತ್ರ ಅದನ್ನು ನುಂಗಿ, ಎರಡು ಸಲ ಕೆಮ್ಮಿ, ಹೊರಕ್ಕೆ ಉಗುಳಿತು. ಊರಿನ ಎಲ್ಲ ಯಂತ್ರಗಳೂ ಉಗುಳಿದವು. ಹಳೇ ಡಿಸ್ಕಿಗೇ ಹಾಕಿಕೊಡು ಎಂದರೆ, ಹಮಾದಾನ ಕಂಪ್ಯೂಟರ್ ಅಷ್ಟರಲ್ಲಿ ಸತ್ತುಹೋಗಿತ್ತು. ನಗಾತ್ ಮಾತ್ರ ಇದಕ್ಕೆ ಒಂದಿಷ್ಟೂ ಮರುಗಲಿಲ್ಲ. ಡಿಸ್ಕನ್ನು ರಜಾಯಿಗಳ ಅಡಿಯಲ್ಲಿಟ್ಟು, ದೇವರಿಗೆ ಇಷ್ಟವಿಲ್ಲ ಬಿಡು ಎಂದಳು.

ದೇವರ ಇಷ್ಟ ಏನೆಂದು ನೀನು ಹೇಳಬೇಡ ಎಂದು ಮಿತ್ವಲ್ಲಿ ಕೂಗಾಡಿದ. ಬಕ್ರೀದಿಗೆಂದು ಸಾಕಿದ್ದ ಟಗರನ್ನು ಮಾರಿ ತಾಂತಾ ಪಟ್ಟಣಕ್ಕೆ ಹೋದ. ಅಂಗಡಿಯವನು ಕಪ್ಪು ಪೆಟ್ಟಿಗೆಯೊಂದನ್ನು ಮುಂದಿಟ್ಟು, ಇದು ಹಳೇ ಯಂತ್ರದ ಹಾಗಲ್ಲ, ಒಳಗಿನಿಂದ ನೀಲಿ ಕಿರಣ ಬಿಟ್ಟು ಓದುತ್ತದೆ, ಕುರಿಯ ಮೈಮೇಲಿನ ಒಂದೊಂದು ಕೂದಲೂ ಬೇರೆಬೇರೆ ಕಾಣುತ್ತದೆ ಎಂದು ವಿವರಿಸಿದ. ಮಾರಿದ ಟಗರಿನ ನೆನಪಾಗಿ ಮಿತ್ವಲ್ಲಿಗೆ ಸಂಕಟವಾಯಿತು. ಆದರೆ 'ನೀಲಿ ಕಿರಣ' ಎಂಬ ಮಾತು ಅವನ ಎದೆಗೆ ನಾಟಿತು.

ಅನರ್ಥ ಆದದ್ದು ವಾಪಸಾಗುವ ವ್ಯಾನಿನಲ್ಲಿ. ತೊಡೆಯ ಮೇಲೆ ಪೆಟ್ಟಿಗೆ ಇಟ್ಟುಕೊಂಡು ಕೂತಿದ್ದ. ಪಕ್ಕದಲ್ಲಿ ಉಮ್ಮ್ ಬದವಿ ಇದ್ದಳು. ಸುತ್ತಿನ ಆರು ಹಳ್ಳಿಗಳ ಮುರಿದ ಎಲುಬನ್ನೆಲ್ಲ ಬಿದಿರ ದಬ್ಬೆ ಕಟ್ಟಿ ಕೂಡಿಸುವ ಹೆಂಗಸು ಅವಳು. ಅವಳು ಕೈ ಹಿಡಿದಳೆಂದರೆ ಎಲುಬು ಹೆದರಿ ತಾನಾಗಿಯೇ ಕೂಡುತ್ತದೆ ಎಂದು ಜನ ಹೇಳುತ್ತಿದ್ದರು. ಪೆಟ್ಟಿಗೆಯಲ್ಲಿ ಏನು ಎಂದು ಅವಳು ಕೇಳಿದಳು. ಸಿನಿಮಾ ನೋಡುವ ಯಂತ್ರ ಎಂದಿದ್ದರೆ ಈ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಟಗರು ಮಾರಿ ಬಂದವನಿಗೆ ಅಷ್ಟು ಸಣ್ಣ ಉತ್ತರ ಸಾಲಲಿಲ್ಲ.

"ಕಿರಣದ ಮೆಷಿನ್ನು" ಅಂದ. "ಅದೂ ನೀಲಿ ಕಿರಣ. ಇಡೀ ಜಿಲ್ಲೇಲಿ ಯಾರ ಹತ್ರಾನೂ ಇಲ್ಲ."

ಕಫ್ರ್ ಸಾಕ್ಯಾದಲ್ಲಿ ಕಿರಣ ಎಂದರೆ ಒಂದೇ. ಮರದಿಂದ ಬಿದ್ದವನನ್ನು ತಾಲೂಕು ಆಸ್ಪತ್ರೆಗೆ ಒಯ್ದು, ಕತ್ತಲೆ ಕೋಣೆಯಲ್ಲಿ ಮಲಗಿಸಿ, ಎಲುಬಿನ ಫೋಟೊ ತೆಗೆಯುತ್ತಾರಲ್ಲ, ಅದು. 'ಕಿರಣ ಹಾಕಿಸ್ಕೊಂಡು ಬಾ' ಎಂಬುದೇ ಅಲ್ಲಿಯ ಮಾತು. ವ್ಯಾನಿನಲ್ಲಿದ್ದವರೆಲ್ಲ ಕತ್ತು ಚಾಚಿದರು. ಉಮ್ಮ್ ಬದವಿ ಪೆಟ್ಟಿಗೆಯನ್ನೇ ನೋಡಿದಳು. ಆಮೇಲೆ ಇಳಿಯುವವರೆಗೂ ಅವಳು ಮಾತಾಡಲಿಲ್ಲ. ಮಿತ್ವಲ್ಲಿ ಅದನ್ನು ಗೌರವ ಎಂದುಕೊಂಡ.

ಶುಕ್ರವಾರ ನಮಾಜು ಮುಗಿಸಿ ಬಂದು, ಹಜಾರದ ಕಿಟಕಿಗಳನ್ನು ಮುಚ್ಚಿ, ಪರದೆ ಎಳೆದು, ಅಳಿಯ ಕೊಡಿಸಿದ್ದ ಚಪ್ಪಟೆ ಟಿವಿಗೆ ತಂತಿ ಸಿಕ್ಕಿಸಿದ. ಯಂತ್ರದ ಮುಂದೆ ಒಂದು ನೀಲಿ ದೀಪ ಹತ್ತಿತು. ಡಿಸ್ಕು ಹಿಡಿದು ಬಿಸ್ಮಿಲ್ಲಾ ಎನ್ನುವಷ್ಟರಲ್ಲಿ ಬಾಗಿಲು ತಟ್ಟಿದ ಸದ್ದಾಯಿತು. ಹಿಂದಿನ ಓಣಿಯ ಹೆಂಗಸೊಬ್ಬಳು ಊದಿದ ಮಣಿಕಟ್ಟನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು. ಅವಳನ್ನು ಗದರಿಸಿ ಕಳಿಸುವುದರೊಳಗೆ ಎಮ್ಮೆಯಿಂದ ಒದೆ ತಿಂದವನೊಬ್ಬ ಬಂದ. ಅವನ ಹಿಂದೆ ತನ್ನ ಬೆನ್ನನ್ನು ಇಬ್ಬರು ಸೊಸೆಯರ ಮೇಲೆ ಹೇರಿ ಒಬ್ಬ ಅತ್ತೆ. ಇದು ಸಿನಿಮಾದ ಯಂತ್ರ ಎಂದು ಮಿತ್ವಲ್ಲಿ ಹೇಳಿದ. ಯಾರೂ ನಂಬಲಿಲ್ಲ. ಕೋಣೆ ಕತ್ತಲೆ, ದೀಪ ನೀಲಿ; ಸಿನಿಮಾ ನೋಡಲು ಇಷ್ಟೆಲ್ಲ ಯಾಕೆ? ನಮ್ಮಂಥವರಿಗೆ ಇಲ್ಲ ಅನ್ನುತ್ತಿದ್ದಾನೆ, ದೊಡ್ಡವರಿಗೆ ಮಾತ್ರ ಹಾಕುತ್ತಾನಂತೆ ಎಂದು ಆ ಅತ್ತೆ ಬೀದಿಯುದ್ದಕ್ಕೂ ಹೇಳಿಕೊಂಡು ಹೋದಳು. ಮಿತ್ವಲ್ಲಿ ಅವಳ ಬೆನ್ನಿಗೆ ಕೂಗಿದ. ಕೂಗಿದ್ದೂ ತಪ್ಪಾಗಿ ಹೊರಬಂತು. ನಿಮ್ಮ ಬೆನ್ನಿನ ಮದುವೆ ನನಗ್ಯಾಕೆ ತಾಯೀ ಎಂದುಬಿಟ್ಟ. ಆ ಮನೆಯವರು ಅವನೊಡನೆ ಮಾತು ಬಿಟ್ಟರು.

ಅಂದು ಮಗಳ ಫೋನಿಗೆ, ಮುಂದಿನ ವಾರ ಎಂದ.

ಮುಂದಿನ ವಾರ ಹಾಜಿ ದುಸೂಕಿ ಬಂದ. ಎಂಬತ್ತು ದಾಟಿದ ಮುದುಕ. ನಗಾತ್ ಅವನನ್ನು ತಡೆಯಬಹುದಿತ್ತು. ತಡೆಯಲಿಲ್ಲ, ಬಾಗಿಲನ್ನು ಅಗಲವಾಗಿ ತೆಗೆದಳು. ಮುದುಕ ಯಾರನ್ನೂ ಕೇಳದೆ ಚಾಪೆಯ ಮೇಲೆ ಅಂಗಾತ ಮಲಗಿ, ಎಡ ಮಂಡಿಯನ್ನು ಯಂತ್ರದೆದುರು ಇಟ್ಟ. ಡಿಸ್ಕು ಹಾಕಲೆಂದು ಮಿತ್ವಲ್ಲಿ ಗುಂಡಿ ಒತ್ತಿದ್ದೂ, ತಟ್ಟೆ ಹೊರಕ್ಕೆ ಸರಿದದ್ದೂ ಅದೇ ಗಳಿಗೆಯಲ್ಲಿ.

"ನಿನ್ ಮೆಷಿನ್ ನನ್ ಮಂಡಿ ನೋಡಿ ನಾಲಿಗೆ ಚಾಚ್ತಲ್ಲೋ ಮಗಾ" ಅಂದ ಹಾಜಿ. "ಏನಂತೆ?"

ಮಿತ್ವಲ್ಲಿಗೆ ತಲೆಗೇರಿತು. ಏನೂ ಆಗಿಲ್ಲವಂತೆ, ಎದ್ದು ನಡಿ, ಇನ್ನೊಂದು ಸಲ ನನ್ನ ಮನೆಗೆ ಬಂದರೆ ಕಾಲು ಮುರೀತೀನಿ ಎಂದು ಚಾವಣಿ ಹಾರುವಂತೆ ಅಬ್ಬರಿಸಿದ. ಹನ್ನೊಂದು ವರ್ಷದಿಂದ ಕೋಲೂರಿ ನಡೆಯುತ್ತಿದ್ದ ಹಾಜಿ ಗಾಬರಿಯಲ್ಲಿ ಕೋಲು ಬಿಟ್ಟು ಎದ್ದು ಮಸೀದಿಯವರೆಗೆ ನಡೆದ. ಅಲ್ಲಿ ನಿಂತು ಕೆಳಗೆ ನೋಡಿಕೊಂಡ. ಕೋಲಿರಲಿಲ್ಲ.

ಅಲ್ಲಿಂದ ಮುಂದೆ ಮಿತ್ವಲ್ಲಿಯ ಮನೆಯ ಮುಂದೆ ಕತ್ತೆಗಾಡಿಗಳು ಸಾಲುಗಟ್ಟಿದವು. ನೆರೆಯ ಹಳ್ಳಿಗಳಿಂದ ಕತ್ತು, ಸೊಂಟ, ಮೊಣಕೈ, ಹಿಮ್ಮಡಿಗಳು ಬಂದವು. ಬಂದವರು ತಿಳಿದುಕೊಂಡಿದ್ದು ಇಷ್ಟು: ಯಂತ್ರ ನಾಲಿಗೆ ಚಾಚಬೇಕು, ಆಮೇಲೆ ಯಜಮಾನ ಬೈಯಬೇಕು. ಬೈಗುಳ ಜೋರಾದಷ್ಟೂ ಗುಣ ಬೇಗ. ಎಷ್ಟು ಬೈದರೂ ಹೋಗದವರನ್ನು ಅವನು ಇನ್ನಷ್ಟು ಬೈದ. ಅವರು ತೃಪ್ತರಾಗಿ ಮೊಟ್ಟೆ, ಬಾತುಕೋಳಿ, ಒಂದು ಮಣ ಮೂಲಂಗಿ ಹೊಸ್ತಿಲಲ್ಲಿಟ್ಟು ಹೋದರು. ನಗಾತ್ ಎಲ್ಲರಿಗೂ ಟೀ ಕೊಟ್ಟಳು. ಜನರನ್ನು ಯಾಕೆ ಒಳಗೆ ಬಿಡುತ್ತೀ ಎಂದು ಕೇಳಿದರೆ, ನೋವಿನಲ್ಲಿರುವವರನ್ನು ಹೊರಗೆ ನಿಲ್ಲಿಸಲೇ ಎಂದಳು. ಒಟ್ಟು ಆರು ಶುಕ್ರವಾರ ಹೀಗೇ ಕಳೆದವು. ಆರು ಸಲವೂ ಡಿಸ್ಕು ಅವನ ಕೈಯಲ್ಲಿತ್ತು. ಆರು ಸಲವೂ ಮಗಳು ಕೇಳಿದಳು. ಆರನೆಯ ಸಲ ಅವಳ ದನಿಯಲ್ಲಿ ಮುನಿಸಿತ್ತು. ಮದುವೆಗಂತೂ ಬರಲಿಲ್ಲ, ಕೂತು ನೋಡೋದಕ್ಕೂ ಪುರುಸೊತ್ತಿಲ್ಲವಾ ಅಪ್ಪಾ ಎಂದು ಇಟ್ಟುಬಿಟ್ಟಳು. ಮಿತ್ವಲ್ಲಿ ಬಹಳ ಹೊತ್ತು ಫೋನನ್ನೇ ಬೈದ.

ಇತ್ತ ಉಮ್ಮ್ ಬದವಿಯ ಅಂಗಳದಲ್ಲಿ ಬಿದಿರ ದಬ್ಬೆಗಳು ಒಣಗುತ್ತಿದ್ದವು. ಅವಳು ಕಾಲುವೆಯ ಆಚೆ ದಡದಲ್ಲಿ ನಿಂತು, ಈಚೆ ದಡದಲ್ಲಿ ಕತ್ತೆ ತೊಳೆಯುತ್ತಿದ್ದ ಮಿತ್ವಲ್ಲಿಗೆ ಕೇಳಿಸುವಂತೆ, ಕತ್ತೆಯನ್ನೇ ಉದ್ದೇಶಿಸಿ ಮಾತಾಡಿದಳು. ನೀರು ಬಿಡುವವರೆಲ್ಲ ಡಾಕ್ಟರಾದರೆ ಡಾಕ್ಟರುಗಳು ಹುಲ್ಲು ಮೇಯಬೇಕಾಗುತ್ತದೆ, ನಿನಗೆ ಏನು ಉಳಿಯುತ್ತದೆ ಮಗನೇ ಎಂದು ಅದಕ್ಕೆ ಮರುಗಿದಳು. ಮಿತ್ವಲ್ಲಿ ತಿರುಗಿ ಬೈಯಲು ಹೋಗಿ, ಬೈಗುಳದ ನಡುವೆ ಕತ್ತೆಯ ಪರ ವಹಿಸಿಬಿಟ್ಟ. ಮಾರನೆಯ ದಿನ ಅವಳು ತಾಲೂಕಿಗೆ ಹೋಗಿ, ನಮ್ಮೂರಲ್ಲಿ ಒಬ್ಬ ಪರವಾನಗಿ ಇಲ್ಲದೆ ಕಿರಣ ಹಾಕುತ್ತಿದ್ದಾನೆ ಎಂದು ಅರ್ಜಿ ಬರೆಸಿದಳು. ನಿನಗೆ ಪರವಾನಗಿ ಇದೆಯಾ ತಾಯೀ ಎಂದು ಗುಮಾಸ್ತ ಕೇಳಿದ್ದಕ್ಕೆ, ಕೈಗೆ ಯಾರಪ್ಪಾ ಪರವಾನಗಿ ಕೊಡುತ್ತಾರೆ, ಅದು ಹುಟ್ಟುವಾಗಲೇ ಬಂದದ್ದು ಎಂದಳಂತೆ.

ಏಳನೆಯ ಶುಕ್ರವಾರ ಮಿತ್ವಲ್ಲಿ ಗೆದ್ದ. ಬಾಗಿಲಿಗೆ ಒಳಗಿನಿಂದ ಮಂಚ ಅಡ್ಡ ಇಟ್ಟು, ಡಿಸ್ಕನ್ನು ತಟ್ಟೆಯಲ್ಲಿಟ್ಟ. ತಟ್ಟೆ ಒಳಗೆ ಹೋಯಿತು. ಟಿವಿಯಲ್ಲಿ ಗುಲಾಬಿ ಹೂಗಳು ಅರಳಿ, ಇನ್ಶಿರಾಳ ಹೆಸರು ಮೂಡುತ್ತಿತ್ತು. ಆಗ ಹೊರಗಿನಿಂದ, ಸರ್ಕಾರ, ಬಾಗಿಲು ತೆಗೆ ಎಂಬ ಕೂಗು ಬಂತು.

ಆರೋಗ್ಯ ಇಲಾಖೆಯ ಡಾಕ್ಟರ್ ನಾಜಿ ತೆಳ್ಳಗಿನ ಮನುಷ್ಯ, ಮೆತ್ತಗೆ ಮಾತಾಡುವವರು; ಅವರ ಜೊತೆ ಒಬ್ಬ ಗುಮಾಸ್ತ. ಅವರು ಟಿವಿಯ ಕಡೆ ನೋಡಲೇ ಇಲ್ಲ. ಯಂತ್ರವನ್ನು ಎತ್ತಿ, ತಂತಿ ಕಿತ್ತು, ಹಿಂಬದಿಯ ಹಳದಿ ಚೀಟಿಯನ್ನು ಕನ್ನಡಕ ಏರಿಸಿ ಓದಿದರು. ತೆರೆದರೆ ಕಣ್ಣಿಗೆ ಕಾಣದ ಕಿರಣ ಹೊರಬರುತ್ತದೆ, ಎಚ್ಚರ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಬಡಪಾಯಿ ಯಂತ್ರ ತನ್ನ ತಪ್ಪನ್ನು ತಾನೇ ಬೆನ್ನ ಮೇಲೆ ಒಪ್ಪಿಕೊಂಡಿತ್ತು. ಇಂಥದ್ದನ್ನು ಮನೆಯಲ್ಲಿಟ್ಟುಕೊಂಡು ಜನರನ್ನು ಅದರ ಮುಂದೆ ಮಲಗಿಸುತ್ತೀಯಾ ಎಂದು ಅವರು ಶಾಂತವಾಗಿ ಕೇಳಿದರು.

"ಸಾಹೇಬ್ರೇ, ಅದರೊಳಗೆ ನನ್ ಮಗಳಿದ್ದಾಳೆ" ಎಂದು ಮಿತ್ವಲ್ಲಿ ಕಿರುಚಿದ.

ಮಗಳನ್ನೂ ಕಿರಣಕ್ಕೆ ಒಡ್ಡಿದ್ದಾಗಿ ಆರೋಪಿ ಒಪ್ಪಿದ್ದಾನೆ ಎಂದು ಗುಮಾಸ್ತ ಬರೆದುಕೊಂಡ. ಡಿಸ್ಕು ಯಂತ್ರದೊಳಗೇ ಉಳಿಯಿತು. ಯಂತ್ರದ ಮೇಲೆ ಅಡ್ಡಲಾಗಿ ದಾರ ಬಿಗಿದು, ಕೆಂಪು ಅರಗು ಕರಗಿಸಿ ಸುರಿದು, ಹಿತ್ತಾಳೆಯ ಮೊಹರು ಒತ್ತಿದರು. ಅರಗು ತಣ್ಣಗಾಗುವವರೆಗೆ ಮಿತ್ವಲ್ಲಿ ಆರೋಗ್ಯ ಇಲಾಖೆಯನ್ನು ಬೈಯಲು ಆರಂಭಿಸಿ ರೈಲ್ವೆ ಇಲಾಖೆಯನ್ನು ಬೈದು ಮುಗಿಸಿದ. ಅದನ್ನೂ ಬರೆದುಕೊಂಡರು. ನಗಾತ್ ಗೋಡೆಗೆ ಒರಗಿ ನಿಂತಿದ್ದಳು. ಅವಳ ಮುಖದಲ್ಲಿ ಸಂಕಟಕ್ಕಿಂತ ನಿರಾಳವೇ ಹೆಚ್ಚಿದ್ದ ಹಾಗಿತ್ತು. ಕೋಪದಲ್ಲಿದ್ದವನಿಗೆ ಅದು ಕಾಣಲಿಲ್ಲ.

ಮಂಗಳವಾರ ಬೆಳಿಗ್ಗೆ ಊರಿನ ಆರೋಗ್ಯ ಕೇಂದ್ರದಲ್ಲಿ ವಿಚಾರಣೆ. ಮೇಜಿನ ಹಿಂದೆ ಡಾಕ್ಟರ್ ನಾಜಿ, ಪಕ್ಕದಲ್ಲಿ ಗುಮಾಸ್ತ. ಆರೋಪಿ ನೀರಾವರಿ ಇಲಾಖೆಯ ನೌಕರನಾದ್ದರಿಂದ ಇಲಾಖೆಯ ಪರವಾಗಿ ಇಂಜಿನಿಯರ್ ಸಫ್ವತ್ ಸಾಹೇಬರು ಸಹಿ ಹಾಕಲು ಬಂದಿದ್ದರು. ಎದುರು ಬೆಂಚಿನಲ್ಲಿ ಉಮ್ಮ್ ಬದವಿ, ನಗಾತ್. ಕಿಟಕಿಗಳಲ್ಲಿ ಊರು. ಸಾಹೇಬರನ್ನು ಕಂಡು ಮಿತ್ವಲ್ಲಿಗೆ ಆನೆಬಲ ಬಂತು. ನನ್ನ ಕಷ್ಟ ಬಲ್ಲವರು ಇವರೊಬ್ಬರೇ, ನನಗಾಗಿ ಉಪವಾಸ ಕೂತವರು ಎಂದು ಎಲ್ಲರೆದುರು ಹೇಳಿದ. ಉಮ್ಮ್ ಬದವಿ ಮುಸುಕಿನೊಳಗೆ ಕೆಮ್ಮಿದಳು. ಕಿಟಕಿಗಳಲ್ಲೂ ಯಾಕೋ ಕೆಮ್ಮು ಹರಡಿತು.

ಇದು ಕಿರಣವೋ ಸಿನಿಮಾವೋ ಎಂದು ಹಾಕಿಯೇ ನೋಡೋಣ ಎಂದರು ಡಾಕ್ಟರ್ ನಾಜಿ. ಅವರ ಕೋಣೆಯ ಟಿವಿಯನ್ನು ಹೊತ್ತು ತಂದರು. ಒಳಗಿನ ಡಿಸ್ಕಿನಲ್ಲಿ ಏನಿದೆ ಎಂದು ಕೇಳಿದಾಗ, ನನ್ನ ಮಗಳ ಮದುವೆ ಎಂದ ಮಿತ್ವಲ್ಲಿ. ಸಫ್ವತ್ ಸಾಹೇಬರು ತಟಕ್ಕನೆ ಎದ್ದು ನಿಂತರು. ಕಾಲುವೆ ತಪಾಸಣೆಗೆ ಹೊತ್ತಾಯಿತು, ನೀವು ಮುಗಿಸಿ, ಸಹಿ ಆಮೇಲೆ ಕಳಿಸುತ್ತೇನೆ ಎಂದರು. ನೀವಿಲ್ಲದೆ ಅರಗು ಒಡೆಯುವ ಹಾಗಿಲ್ಲ, ಕೂತುಕೊಳ್ಳಿ ಎಂದರು ನಾಜಿ. ನಗಾತಳೂ ಎದ್ದಳು. ತಂತಿ ಸರಿಯಿಲ್ಲ, ಕರೆಂಟು ಹೊಡೆದರೆ ಸತ್ತೇ ಹೋಗುತ್ತೀರಿ ಎಂದಳು. ಅವಳನ್ನೂ ಕೂರಿಸಿದರು. ಅರಗು ಪಟಪಟ ಉದುರಿತು. ನೀಲಿ ದೀಪ ಹತ್ತಿತು.

ಗುಲಾಬಿಗಳು ಅರಳಿದವು. ಚಪ್ಪರ, ದೀಪಗಳು, ಡೋಲು. ಎತ್ತರದ ಕುರ್ಚಿಯಲ್ಲಿ ಇನ್ಶಿರಾ. ಅಂಗಡಿಯವನು ಸುಳ್ಳು ಹೇಳಿರಲಿಲ್ಲ. ಅವಳ ರೆಪ್ಪೆಗೆ ಅಂಟಿದ ಹೊಳೆಯುವ ಪುಡಿಯ ಒಂದೊಂದು ಕಣವೂ ಬೇರೆಬೇರೆ ಕಾಣುತ್ತಿತ್ತು. ಕುಣಿಯುವವರ ಕಡೆ ಅವಳ ಗಮನವಿರಲಿಲ್ಲ. ಬೀದಿಯ ತುದಿಯನ್ನು ನೋಡುವಳು, ತಲೆ ತಗ್ಗಿಸುವಳು, ಮತ್ತೆ ನೋಡುವಳು. ಡಾಕ್ಟರ್ ನಾಜಿ, ಯಾರಿಗಾಗಿ ಕಾಯುತ್ತಿದ್ದಾಳೆ ಮಗು ಎಂದು ಕೇಳಿದರು. ಅಷ್ಟರಲ್ಲಿ ಅವಳು ಕ್ಯಾಮರಾವನ್ನು ಹತ್ತಿರ ಕರೆದು, ನಗಲು ನೋಡಿ, ನಗಲಾರದೆ, ಒಂದೇ ಮಾತು ಕೇಳಿದಳು.

"ಅಪ್ಪಾ, ನೀರು ಬಂತಾ?"

ಮಿತ್ವಲ್ಲಿ ಟಿವಿಗೆ, ಬಂತು ಮಗಳೇ ಎಂದ.

ಹಮಾದಾನ ಕ್ಯಾಮರಾ ನಿಧಾನವಾಗಿ ಪಕ್ಕಕ್ಕೆ ತಿರುಗಿತು. ಮೊದಲ ಸಾಲಿನ ಮಧ್ಯದ ಕುರ್ಚಿಯಲ್ಲಿ, ಮೊಣಕಾಲ ಮೇಲೆ ತಟ್ಟೆ ಇಟ್ಟುಕೊಂಡು, ಒಂದು ಕೈಯಲ್ಲಿ ಪಾರಿವಾಳದ ಕಾಲು, ಇನ್ನೊಂದು ಕೈಯಲ್ಲಿ ಕಿವಿಗೆ ಒತ್ತಿದ ಫೋನು ಹಿಡಿದು ಇಂಜಿನಿಯರ್ ಸಫ್ವತ್ ಕೂತಿದ್ದರು. ಡೋಲಿನ ಅಬ್ಬರದಲ್ಲಿ ಅವರು ಫೋನಿನಲ್ಲಿ ಏನು ಹೇಳುತ್ತಿದ್ದಾರೆಂದು ಕೇಳಿಸಲಿಲ್ಲ. ಕೇಳಿಸುವ ಅಗತ್ಯವೂ ಇರಲಿಲ್ಲ. ಆ ಮಾತು ಮಿತ್ವಲ್ಲಿಗೆ ಬಾಯಿಪಾಠವಾಗಿತ್ತು. ಅವರ ಮೀಸೆಯಲ್ಲಿ ಗೋಧಿ ನುಚ್ಚು ಸಿಕ್ಕಿಕೊಂಡಿತ್ತು. ಎಣಿಸಬಹುದಿತ್ತು. ಮೂರು.

ಕೋಣೆಯಲ್ಲಿ ಡೋಲೊಂದೇ ಬಡಿಯುತ್ತಿತ್ತು. ಊರೆಲ್ಲ ಬಲ್ಲ ಸಂಗತಿ ಇದು. ಕಫ್ರ್ ಸಾಕ್ಯಾ ತನ್ನ ಚರಿತ್ರೆಯಲ್ಲಿ ಕಾಪಾಡಿದ ಗುಟ್ಟು ಇದೊಂದೇ. ಮದುವೆಯ ಮಾರನೆಯ ಬೆಳಿಗ್ಗೆ ನಗಾತ್ ಮನೆಮನೆಗೆ ಹೋಗಿ, ಅವನಿಗೆ ಗೊತ್ತಾದರೆ ಕಚೇರಿಗೆ ಹೋಗಿ ತಲೆ ಒಡೆಯುತ್ತಾನೆ, ಪಿಂಚಣಿಗೆ ಇನ್ನು ನಾಲ್ಕೇ ವರ್ಷ ಎಂದು ಕಣ್ಣೀರಿಟ್ಟು ಆಣೆ ಹಾಕಿಸಿದ್ದಳು. ಅವಳು ಯಾಕೆ ಬಾಗಿಲನ್ನು ಅಷ್ಟು ಅಗಲವಾಗಿ ತೆಗೆಯುತ್ತಿದ್ದಳು ಎಂಬುದು ಮಿತ್ವಲ್ಲಿಗೆ ಈಗ ಹೊಳೆಯಿತು. ಅವಳ ಕಡೆ ನೋಡಿದ. ಅವಳು ನೆಲ ನೋಡುತ್ತಿದ್ದಳು.

ಎಲ್ಲರೂ ಕಾದರು. ಕಿಟಕಿಯ ಮಕ್ಕಳನ್ನು ತಾಯಂದಿರು ಹಿಂದಕ್ಕೆ ಎಳೆದುಕೊಂಡರು. ಮಿತ್ವಲ್ಲಿ ಬೈಯಲಿಲ್ಲ. ಐವತ್ತಾರು ವರ್ಷದಲ್ಲಿ ಮೊದಲ ಸಲ ಅವನ ಕೋಪಕ್ಕೆ ಯಾರ ಮೇಲೆ, ಯಾಕೆ ಎಂಬುದು ಸರಿಯಾಗಿ ಗೊತ್ತಿತ್ತು. ಬಹುಶಃ ಅದಕ್ಕೇ ಆ ಕೋಪಕ್ಕೆ ಸದ್ದು ಬೇಕಾಗಲಿಲ್ಲ. ಎದ್ದುಹೋಗಿ ಯಂತ್ರದ ಗುಂಡಿ ಒತ್ತಿದ. ತಟ್ಟೆ ನಾಲಿಗೆ ಚಾಚಿತು. ಡಿಸ್ಕನ್ನು ಜುಬ್ಬಾದ ಜೇಬಿಗೆ ಇಳಿಸಿದ.

"ಒಳಗಿರೋದನ್ನೆಲ್ಲ ಹೊರಗೆ ಹಾಕ್ತು" ಎಂದಳು ಉಮ್ಮ್ ಬದವಿ, ಬೆಂಚಿನಿಂದ. "ಇದು ಕಿರಣ ಅಲ್ಲ ಅಂತ ಯಾರ್ ಹೇಳಿದ್ದು?"

ಏನು ಬರೆಯಲಿ ಎಂದು ಗುಮಾಸ್ತ ಕೇಳಿದ. ಸಿನಿಮಾದ ಯಂತ್ರ, ನಿರುಪದ್ರವಿ ಎಂದು ಬರೆಯಲು ಹೇಳಿದ ನಾಜಿ, ಇಂಜಿನಿಯರರ ಮೀಸೆಯ ಕಡೆ ಒಮ್ಮೆ ನೋಡಿ, ನಿರುಪದ್ರವಿ ಎಂಬುದನ್ನು ಹೊಡೆದುಹಾಕಿಸಿದರು. ಸಫ್ವತ್ ಸಾಹೇಬರು ಸಹಿ ಹಾಕಿದರು. ಯಂತ್ರ ಮಿತ್ವಲ್ಲಿಯ ಮನೆಗೆ ಮರಳಿತು.

ಆ ಶುಕ್ರವಾರ ಊರಿನ ಕಾಲುವೆಗೆ ನೀರಿನ ಸರದಿ. ಮಧ್ಯಾಹ್ನದ ಪಾಳಿ ಇಂಜಿನಿಯರರ ಮಾವನ ಹನ್ನೆರಡು ಎಕರೆ ಭತ್ತದ ಗದ್ದೆಗೆ, ಅದಕ್ಕೆ ಮಾತ್ರ. ಉಳಿದವರದು ಬೆಳಿಗ್ಗೆಯೇ ಮುಗಿದಿತ್ತು. ಗೇಟಿನ ಚಕ್ರ ತಿರುಗಿಸುವ ಕೀಲಿ ಮಿತ್ವಲ್ಲಿಯ ಕತ್ತಿನಲ್ಲಿ ತೂಗುತ್ತಿತ್ತು. ಅವನು ಹಜಾರದಲ್ಲಿ ಚಾಪೆ ಹಾಸಿ ಟಿವಿಯ ಮುಂದೆ ಕೂತಿದ್ದ. ಮುಂದೆ ನಗಾತ್ ಇಟ್ಟ ತಟ್ಟೆ. ತಟ್ಟೆಯಲ್ಲಿ ನುಚ್ಚು ತುಂಬಿದ ಪಾರಿವಾಳ. ಅವಳು ಕೇಳದೆಯೇ ಮಾಡಿದ್ದಳು. ಪಟ ಒಟ್ಟು ಮೂರು ಗಂಟೆ ಹತ್ತು ನಿಮಿಷದ್ದು. ಈಗಷ್ಟೇ ಮಗಳ ಫೋನು ಬಂದು ಹೋಗಿತ್ತು. ನೋಡಿದೆ, ಮತ್ತೆ ನೋಡುತ್ತಿದ್ದೇನೆ, ನೀರು ಬಂತು ಎಂದಿದ್ದ.

ಫೋನು ಮತ್ತೆ ಬಡಿದುಕೊಂಡಿತು. ಎತ್ತಿದ. ಗೇಟು ಯಾಕೆ ಇನ್ನೂ ತೆಗೆದಿಲ್ಲ, ಗದ್ದೆ ಬಾಯಿ ಬಿಟ್ಟುಕೊಂಡು ಕೂತಿದೆ, ಎಲ್ಲಿ ಸತ್ತಿದ್ದೀಯಾ ಎಂದು ಸಫ್ವತ್ ಸಾಹೇಬರು ಕೂಗುತ್ತಿದ್ದರು.

ಮಿತ್ವಲ್ಲಿ ಬಾಯಲ್ಲಿದ್ದುದನ್ನು ಒಂದು ಪಕ್ಕದ ದವಡೆಗೆ ಸರಿಸಿದ.

"ಇಲ್ಲೇ ಗೇಟಿನ ಹತ್ರಾನೇ ಕೂತಿದ್ದೀನಿ ಸಾಹೇಬ್ರೇ. ಊಟ ಕೂಡ ಮಾಡಿಲ್ಲ."

ನಗಾತ್ ರಿಮೋಟು ಎತ್ತಿಕೊಂಡು ಸದ್ದು ಹೆಚ್ಚಿಸಿದಳು.

"ಅದೇನು ಡೋಲು?"

"ಪಕ್ಕದಲ್ಲಿ ಯಾರದೋ ಮದುವೆ" ಎಂದ ಮಿತ್ವಲ್ಲಿ.